ಕೇರಂ ಬೋರ್ಡಿನ ಮೇಲೊಂದು ಕಂಪ್ಯೂಟರ್

ತಲ್ಲೂರಿನ ನಾಮಕರಣದ ಊಟದಲ್ಲಿ ಎರಡನೇ ಸಲ ಪಾಯಸ ಬೇಡ ಅಂದಿದ್ದರೆ ಭೋಜರಾಜನ ಮಾನ ಉಳಿಯುತ್ತಿತ್ತು. ಒಂದೇ ಸಲದ ಪಾಯಸಕ್ಕೆ ತೃಪ್ತರಾದವರೆಲ್ಲ ಎದ್ದು ಕೈತೊಳೆದು, ಎಲೆ ಅಡಿಕೆ ಹಾಕಿಕೊಂಡು, ಸುಖವಾಗಿ ಮನೆಗೆ ಹೋದರು. ಇವನು ಕೂತ. ಕೂತದ್ದರಿಂದ ಎದುರು ಪಂಕ್ತಿಯಲ್ಲಿದ್ದ ಹೆಂಡತಿಯ ತಮ್ಮ ರತೀಶನ ಮಾತು ಕಿವಿಗೆ ಬಿತ್ತು.

ರತೀಶನದು ಕುಂದಾಪುರದಲ್ಲಿ ಜೆರಾಕ್ಸ್ ಅಂಗಡಿ. ಅದು ಎರಡು ಸಾವಿರದ ನಾಲ್ಕನೇ ಇಸವಿ. ಆ ವಾರವಷ್ಟೇ ಅವನು ಅಂಗಡಿಗೆ ಕಂಪ್ಯೂಟರ್ ತಂದು, ಅದಕ್ಕೆ ಇಂಟರ್ನೆಟ್ ಕೂಡ ಹಾಕಿಸಿದ್ದ. ಆ ವಿಷಯವನ್ನು ಅವನು ಕೋಸಂಬರಿಯ ಹೊತ್ತಿಗೆ ಶುರುಮಾಡಿ ಪಾಯಸದವರೆಗೂ ತಂದಿದ್ದ.

"ಹ್ವಾಯ್ ಭಾವ, ಒಂದಿನ ಅಂಗ್ಡಿಗ್ ಬನ್ನಿ. ಕಂಪ್ಯೂಟರ್ ಅಂದ್ರೆ ಎಂತ ಅಂತ ತೋರಿಸ್ತೆ," ಅಂದ.

ಭೋಜರಾಜ ಪಾಯಸದ ಕೈಯನ್ನು ಎಲೆಯ ಮೇಲೇ ನಿಲ್ಲಿಸಿ, "ನಾವ್ ತಕಂಬುದಿಲ್ಲ ರತೀಶ. ಮಾಡುದ್," ಅಂದ.

"ಎಂತ ಮಾಡುದ್?"

"ಕಂಪ್ಯೂಟರ್. ಮನಿಯಗೆ."

ಬಡಿಸುವವನು ಸೌಟು ಹಿಡಿದುಕೊಂಡೇ ನಿಂತುಬಿಟ್ಟ. ಆಚೆ ಪಂಕ್ತಿಯವರು ಬಗ್ಗಿ ನೋಡಿದರು. ಭೋಜರಾಜನ ಹೆಂಡತಿ ಮುತ್ತು ಹೆಂಗಸರ ಸಾಲಿನಲ್ಲಿ ತಲೆ ತಗ್ಗಿಸಿ ಉಪ್ಪಿನಕಾಯಿಯನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸತೊಡಗಿದಳು.

ನ್ಯಾಯವಾಗಿ ಹೇಳಬೇಕೆಂದರೆ ಅವನು ಹೇಳಿದ್ದು ಸುಳ್ಳಲ್ಲ. ಭೋಜರಾಜ ಬೈಂದೂರಿನ ಒಂದು ಐಸ್ ಪ್ಲಾಂಟಿನಲ್ಲಿ ಆಪರೇಟರ್. ಮಿಷನ್ ಚಾಲೂ ಮಾಡುವುದು, ಗಡಿಯಾರದಂಥ ಮೀಟರಿನ ಮುಳ್ಳು ಕೆಂಪು ಗೆರೆ ದಾಟದಂತೆ ನೋಡುವುದು, ಹಾಗೆ ನೋಡುತ್ತ ನಿದ್ದೆ ಮಾಡದಿರುವುದು, ಇಷ್ಟೇ ಅವನ ಕೆಲಸ. ಅದಕ್ಕೂ ಮೊದಲು ಆರು ವರ್ಷ ಮುಂಬೈಯಲ್ಲಿ ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕಿದ್ದ. ಆ ಕೈ ಸುಮ್ಮನಿರುತ್ತಿರಲಿಲ್ಲ. ಯಾವುದೋ ಹಳೆಯ ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ ಕಂಪ್ಯೂಟರಿನ ನಕ್ಷೆ ನೋಡಿದ. ಮುಂಬೈಯಿಂದ ರಜೆಗೆ ಬರುವವರ ಕೈಯಲ್ಲಿ ಎಲೆಕ್ಟ್ರಾನಿಕ್ ಚಿಪ್‌ಗಳನ್ನು ತರಿಸಿದ. ಬಲೆ ಹರಿದುಹೋದ ಹಳೆಯ ಕೇರಂ ಬೋರ್ಡೊಂದರ ಮೇಲೆ ಅವನ್ನೆಲ್ಲ ಕೂರಿಸಿ, ನಾಲ್ಕು ಬಣ್ಣದ ವಯರಿನಲ್ಲಿ ಹೆಣೆದು, ಮೇಲೆ ಎಂಟು ಕೆಂಪು ದೀಪ, ಕೆಳಗೆ ಎಂಟು ಸ್ವಿಚ್ಚು ಹಾಕಿದ. ಹನ್ನೊಂದು ತಿಂಗಳ ಕೆಲಸ.

ಸ್ವಿಚ್ಚಿನಲ್ಲಿ ಒಂದು ಸಂಖ್ಯೆ ಇಟ್ಟು ಗುಂಡಿ ಒತ್ತಬೇಕು. ಇನ್ನೊಂದು ಸಂಖ್ಯೆ ಇಟ್ಟು ಮತ್ತೆ ಒತ್ತಬೇಕು. ಆಗ ಎರಡನ್ನೂ ಕೂಡಿಸಿ ಉತ್ತರವನ್ನು ದೀಪಗಳಲ್ಲಿ ಹೇಳುತ್ತಿತ್ತು. ಯಾವ ದೀಪಕ್ಕೆ ಎಷ್ಟು ಬೆಲೆ ಎಂದು ಪಕ್ಕದಲ್ಲಿ ಒಂದು ಕಾಗದ ಅಂಟಿಸಿತ್ತು. ಇನ್ನೂರ ಐವತ್ತೈದರವರೆಗೆ ಅದಕ್ಕೆ ಲೆಕ್ಕ ಬರುತ್ತಿತ್ತು. ಅದರಾಚೆಗೆ ಇಲ್ಲ. ಇಂಥದ್ದೊಂದನ್ನು ಮನುಷ್ಯ ತನ್ನ ಕೈಯಾರೆ ಮಾಡುವುದು ದೊಡ್ಡ ಸಂಗತಿಯೇ. ನೋಡುವವರಿಗೆ ಮಾತ್ರ ಅದು ದೊಡ್ಡದಾಗಿ ಕಾಣುವುದಿಲ್ಲ.

ಮೊದಲ ಸಲ ಐದಕ್ಕೆ ಮೂರು ಕೂಡಿಸಿ ದೀಪ ಹತ್ತಿದಾಗ ಅವನು ಮುತ್ತುವನ್ನು ಕೂಗಿ ಕರೆದಿದ್ದ. ಅವಳು ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು.

"ಎಂಟ್ ಅಲ್ದಾ?"

"ಹೌದ್."

"ಅದ್ ನಂಗ್ ಗೊತ್ತಿತ್ತ್," ಎಂದು ಒಳಗೆ ಹೋದಳು.

ನಾಮಕರಣದ ಮರುದಿನ ಬೆಳಿಗ್ಗೆ ಕುಷ್ಟನ ಚಾ ಅಂಗಡಿಯಲ್ಲಿ ಇದೇ ಸುದ್ದಿ. ಕುಷ್ಟನೂ ತಲ್ಲೂರಿನ ಊಟಕ್ಕೆ ಹೋಗಿದ್ದ. ಅವನ ಅಂಗಡಿಯಿಂದ ಸುದ್ದಿ ಹೊರಡುವಾಗ ಅದಕ್ಕೆ ಸ್ವಲ್ಪ ಹಾಲು ಸಕ್ಕರೆ ಸೇರಿರುತ್ತದೆ. ಎಂಟು ಗಂಟೆಗೆ ಭೋಜರಾಜನ ಜಗುಲಿಯಲ್ಲಿ ಹದಿನೈದು ಜನ. ಎಲ್ಲರಿಗಿಂತ ಮುಂದೆ ಅಕ್ಕಜ್ಜಿ. ಅವಳ ಹೆಸರು ಅಕ್ಕು, ನಲವತ್ತು ವರ್ಷ ಮೀನು ಮಾರಿದವಳು, ಬುಟ್ಟಿ ಇಳಿಸಿ ಕೇರಂ ಬೋರ್ಡಿನ ಎದುರು ಕುಕ್ಕರಗಾಲಲ್ಲಿ ಕೂತಳು.

"ಹನ್ನೆರಡ್ ಪಾಲ್. ಒಂದೊಂದ್ ಪಾಲಿಗ್ ಇಪ್ಪತ್ಮೂರ್ ಬಂಗ್ಡಿ. ಒಟ್ಟ್ ಎಷ್ಟ್ ಅಂತ ಕೇಣ್ ಅದ್ರತ್ರ."

ಭೋಜರಾಜ ಸ್ವಿಚ್ಚಿಗೆ ಕೈ ಹಾಕಿದ. ಅದಕ್ಕೆ ಗುಣಾಕಾರ ಬರುವುದಿಲ್ಲ, ಬಂದರೂ ಉತ್ತರ ಅದರ ಮಿತಿಯ ಆಚೆ.

"ಇನ್ನೂರ ಎಪ್ಪತ್ತಾರ್," ಎಂದು ಅಕ್ಕಜ್ಜಿ ತಾನೇ ಹೇಳಿದಳು. "ಅದ್ ಬಾಯಿ ಬಿಡುಕೆ ಇನ್ನೆಷ್ಟ್ ಹೊತ್ತ್ ಬೇಕ್?"

ಯಾರೋ ಕಿಸಕ್ಕೆಂದರು. ಭೋಜರಾಜನ ಕಿವಿ ಬಿಸಿಯಾಯಿತು. ಹನ್ನೊಂದು ತಿಂಗಳ ಕೆಲಸ ಮುರಿದ ಆಟಿಕೆಯ ಹಾಗೆ ಎಲ್ಲರ ಎದುರು ಮಲಗಿತ್ತು. ಆಗ ಅವನ ಬಾಯಿಂದ ಆ ಮಾತು ಬಂತು.

"ಇದ್ ಬರೀ ಶುರು ಅಕ್ಕಜ್ಜಿ. ಒಳ್ಗೆ ಬೇರೆ ಸುಮಾರ್ ಇತ್ತ್."

"ಒಳ್ಗೆ ಪ್ರೋಗ್ರಾಮ್ ಇರತ್ತ್," ಎಂದು ಹಿಂದಿನಿಂದ ಗಂಭೀರ ಧ್ವನಿಯೊಂದು ಬಂತು. ಅದು ಪಂಚಾಯ್ತಿ ಮೆಂಬರ್ ಚಂದ್ರಣ್ಣನದು. ಚಂದ್ರಣ್ಣ ಉಡುಪಿಯಲ್ಲಿ ಎರಡು ದಿನದ ಕಂಪ್ಯೂಟರ್ ಮಾಹಿತಿ ಶಿಬಿರಕ್ಕೆ ಹೋಗಿಬಂದವನು. ಅದರ ಪ್ರಮಾಣಪತ್ರವನ್ನು ಕಟ್ಟು ಹಾಕಿಸಿ ದೇವರ ಫೋಟೋದ ಪಕ್ಕದಲ್ಲಿ ತೂಗುಹಾಕಿದ್ದ. ಎರಡು ದಿನದಲ್ಲಿ ಮೊದಲ ದಿನ ಉದ್ಘಾಟನೆ, ಎರಡನೇ ದಿನ ಸಮಾರೋಪ. "ಭೋಜರಾಜ, ಇದ್ರಗೆ ಹವಾಮಾನ ಬತ್ತಾ?"

"ಬತ್ತ್."

"ರೈಲಿನ ಟೈಮ್?"

"ಬತ್ತ್."

"ಎಸ್ಸೆಸ್ಸೆಲ್ಸಿ ರಿಸಲ್ಟ್?"

ಎರಡು ಸಲ ಹೌದೆಂದ ಬಾಯಿಗೆ ಮೂರನೇ ಸಲ ಇಲ್ಲ ಎನ್ನುವುದು ಇಳಿಜಾರಿನಲ್ಲಿ ಸೈಕಲ್ ನಿಲ್ಲಿಸಿದಷ್ಟು ಕಷ್ಟ. "ಅದೂ ಬತ್ತ್," ಅಂದ ಭೋಜರಾಜ.

ಅಲ್ಲಿಂದ ಎರಡು ತಿಂಗಳು ಆ ಕಂಪ್ಯೂಟರ್ ನಡೆದದ್ದು ಕರೆಂಟಿನ ಮೇಲಲ್ಲ, ಸೈಕಲ್ಲಿನ ಮೇಲೆ. ಯಾರಾದರೂ ಬಂದು ಮುಂಬೈ ರೈಲು ಎಷ್ಟು ತಡ ಎಂದು ಕೇಳಿದರೆ, "ಮಿಷನ್ ಬಿಸಿ ಆಯ್ಕ್, ಅರ್ಧ ಗಂಟಿ ಬಿಟ್ಟ್ ಬನ್ನಿ," ಎಂದು ಕಳಿಸಿ, ಹಿತ್ತಲ ಬಾಗಿಲಿಂದ ಸೈಕಲ್ ತೆಗೆದು ಸ್ಟೇಷನ್ನಿಗೆ ತುಳಿದು, ಬೋರ್ಡು ನೋಡಿ ಬಂದು, ಏದುಸಿರು ಅಡಗಿಸಿಕೊಂಡು ನಾಲ್ಕು ಸ್ವಿಚ್ಚು ಒತ್ತಿ ಹೇಳುತ್ತಿದ್ದ. ಹವಾಮಾನವನ್ನು ಅಡುಗೆಮನೆಯ ರೇಡಿಯೋ ಹೇಳುತ್ತಿತ್ತು. ರೈಲು ಹೇಳಿದ ಹೊತ್ತಿಗೇ ಬರುತ್ತಿತ್ತು. ಕೇರಿಯಲ್ಲಿ ಕಂಪ್ಯೂಟರಿನ ಹೆಸರು ಏರುತ್ತಾ ಹೋಯಿತು, ಭೋಜರಾಜನ ತೂಕ ಇಳಿಯುತ್ತಾ ಹೋಯಿತು.

ಮೇ ತಿಂಗಳ ಒಂದು ಸಂಜೆ, ಮುತ್ತು ನೀರಿಗೆ ಹೋಗಿದ್ದಾಗ, ಪಕ್ಕದ ಮನೆಯ ಜಲಜ ಹಿತ್ತಲ ಬಾಗಿಲಿಂದ ಬಂದಳು. ಜಲಜಳಿಗೆ ಮೂವತ್ತಾರು. ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳ ಮೂಗು ಒರೆಸುವುದು, ಉಪ್ಪಿಟ್ಟು ಮಾಡುವುದು, ಕಸ ಗುಡಿಸುವುದು. ಗಂಡ ದೇವು ಮಲ್ಪೆಯ ಬೋಟಿನಲ್ಲಿ, ಹದಿನೈದು ದಿನಕ್ಕೊಮ್ಮೆ ಮನೆಗೆ.

"ಭೋಜರಾಜಣ್ಣ, ಒಂದ್ ಮಾತ್. ಮುತ್ತಕ್ಕಂಗೂ ಹೇಳುಕಾಗ," ಎಂದಳು. "ನಾಳೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಅಲ್ದಾ. ಒಂದ್ ನಂಬರ್ ಕಾಣ್ಕಿತ್ತ್."

"ಯಾರ್ ಪರೀಕ್ಷಿಗ್ ಕೂಕಂಡದ್ದ್?"

"ನಾನೇ."

ಪರೀಕ್ಷೆ ನಡೆಯುತ್ತಿದ್ದ ವಾರ ಜಲಜ ದಿನಾ ಕುಂದಾಪುರದ ಬಸ್ಸು ಹತ್ತುತ್ತಿದ್ದಳು. ಹಲ್ಲು ತೋರಿಸಲಿಕ್ಕೆ ಎಂದು ಎಲ್ಲರಿಗೂ ಹೇಳಿದ್ದಳು. ಕೇರಿಯೆಲ್ಲ ಮರುಗಿತ್ತು. ಅಕ್ಕಜ್ಜಿ ಮೂರು ಸಲ ಲವಂಗದ ಎಣ್ಣೆ ಕೊಟ್ಟಿದ್ದಳು.

"ಹಾಂಗಾರೆ ಹಲ್ಲ್?"

"ಹಲ್ಲ್ ಸಮಾ ಇತ್ತ್."

ಅವಳು ಸೆರಗಿನ ತುದಿಯಿಂದ ನಾಲ್ಕಾಗಿ ಮಡಿಸಿದ ಹಾಲ್ ಟಿಕೆಟ್ ತೆಗೆದಳು. ಹದಿನಾರನೇ ವಯಸ್ಸಿನಲ್ಲಿ ಒಂದು ಸಲ, ಹದಿನೇಳರಲ್ಲಿ ಇನ್ನೊಂದು ಸಲ ಫೇಲಾಗಿದ್ದಳಂತೆ. ಈಗ ಅಂಗನವಾಡಿ ಟೀಚರಮ್ಮ ಈ ತಿಂಗಳ ಕೊನೆಗೆ ನಿವೃತ್ತಿ. ಪಾಸಾದರೆ ಆ ಜಾಗಕ್ಕೆ ಅರ್ಜಿ ಹಾಕಬಹುದು.

"ಪಾಸಾರೆ ನಾನೇ ಎಲ್ಲರಿಗೂ ಹೇಳ್ತೆ. ಫೇಲಾರೆ ಒಂದ್ ನರಪಿಳ್ಳಿಗೂ ಗೊತ್ತಾಪುಕಾಗ, ನಮ್ಮನಿ ಅವ್ರಿಗೂ. ಶಾಲಿ ಬೋರ್ಡ್ ಕಾಂಬುಕೆ ಹೋರೆ ಗುರ್ತಿನವ್ರ್ ಯಾರಾರೂ ಸಿಕ್ತ್ರ್. ನಿಮ್ಮ್ ಮಿಷನ್ ಆರೆ ಗುಟ್ಟ್ ಬಿಡುದಿಲ್ಲ ಅಲ್ದಾ?"

ಜಲಜ ಆ ಕೇರಂ ಬೋರ್ಡನ್ನು ನೋಡಿದ ರೀತಿಯಲ್ಲಿ ರೋಗಿಗಳು ದೊಡ್ಡ ಡಾಕ್ಟರನ್ನು ನೋಡುತ್ತಾರೆ. ಸತ್ಯ ಹೇಳಲಿಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ. ಭೋಜರಾಜ ಬಾಯಿ ತೆರೆದ. "ನಂಬರ್ ಬರ್ಕಂತೆ. ನಾಳೆ ಮಧ್ಯಾಹ್ನ ಮೇಲೆ ಬಾ," ಅಂದ.

ಮರುದಿನ ಐಸ್ ಪ್ಲಾಂಟಿಗೆ ರಜೆ ಹೇಳಿ ಬೆಳಗಿನ ಬಸ್ಸಿಗೆ ಕುಂದಾಪುರಕ್ಕೆ ಹೊರಟ. ಅವನ ಗುರುತಿನಲ್ಲಿ ಇಂಟರ್ನೆಟ್ ಇದ್ದದ್ದು ಒಂದೇ ಕಡೆ, ರತೀಶನ ಅಂಗಡಿಯಲ್ಲಿ. ಅಂಗಡಿಯ ಹೊರಗೆ ರಸ್ತೆಯವರೆಗೂ ಅಪ್ಪ ಅಮ್ಮಂದಿರ ಸಾಲು. ರತೀಶ ಒಳಗಿನಿಂದಲೇ ಭಾವನನ್ನು ಕಂಡ.

"ಓಹೋ ಭಾವ. ಕಂಪ್ಯೂಟರ್ ಮಾಡುವವ್ರ್ ಕಂಪ್ಯೂಟರ್ ಅಂಗ್ಡಿಗ್ ಬಂದ್ರಲ್ಲ."

ಸಾಲಿನವರೆಲ್ಲ ತಿರುಗಿ ನೋಡಿದರು.

"ಸುಮ್ನೆ ಬಂದೆ. ಈ ಬದಿಗ್ ಕೆಲ್ಸ ಇದ್ದಿತ್," ಎಂದು ಭೋಜರಾಜ ಸ್ಟೂಲಿನ ಮೇಲೆ ಕೂತ. ಕೆಲಸ ಇದ್ದವನು ಎರಡೂವರೆ ಗಂಟೆ ಸ್ಟೂಲಿನ ಮೇಲೆ ಯಾಕೆ ಕೂರುತ್ತಾನೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಸಾಲು ಪೂರ್ತಿ ಕರಗಿದ ಮೇಲೆ ಅವನು ಮೆಲ್ಲ ಎದ್ದು ಜೇಬಿನ ಚೀಟಿ ತೆಗೆದ.

"ರತೀಶ, ಒಬ್ರದ್ದ್ ನಂಬರ್ ಇದ್ದಿತ್."

"ನಿಮ್ಮನಿ ಕಂಪ್ಯೂಟರಿಗ್ ಎಂತಾಯ್ತ್ ಭಾವ?"

"ಅದ್ಕೆ ಇವತ್ತ್ ರಜೆ."

ರತೀಶ ನಗಲಿಲ್ಲ. ಅದೇ ಹೆಚ್ಚು ನೋವಾಯಿತು. ನಂಬರ್ ಒತ್ತಿದ. ಪರದೆಯ ಮೇಲೆ ಒಂದೊಂದೇ ಸಾಲು ಇಳಿಯಿತು. ಕೊನೆಯ ಸಾಲು ಇಳಿಯುವ ಹೊತ್ತಿಗೆ ಭೋಜರಾಜ ಮನೆದೇವರಿಗೆ ಎರಡು ಹರಕೆ ಹೇಳಿಕೊಂಡಿದ್ದ. ಒಟ್ಟು ಮುನ್ನೂರ ಮೂವತ್ತನಾಲ್ಕು. ಪಾಸು. ಸೆಕೆಂಡ್ ಕ್ಲಾಸು. ಪ್ರಿಂಟರಿನ ಶಾಯಿ ಮುಗಿದಿದ್ದರಿಂದ ರತೀಶ ಅದನ್ನೆಲ್ಲ ಹಾಳಾದ ಜೆರಾಕ್ಸ್ ಹಾಳೆಯ ಹಿಂದೆ ಪೆನ್ನಿನಲ್ಲಿ ಬರೆದುಕೊಟ್ಟ.

ವಾಪಸ್ ಬರುವ ಬಸ್ಸಿನಲ್ಲಿ ಭೋಜರಾಜನಿಗೆ ಕೂರಲಾಗದಷ್ಟು ಸಂತೋಷ. ಸೆಕೆಂಡ್ ಕ್ಲಾಸಿಗೆ ಎಷ್ಟು ದೀಪ ಹೊತ್ತಿಸಿದರೆ ಮರ್ಯಾದೆ ಎಂದು ಯೋಚಿಸಿದ. ಆರು ಸಾಕು ಎಂದುಕೊಂಡ. ಕೊನೆಗೆ, ಜಲಜಳಿಗೆ ಎಂಟೂ ಇರಲಿ ಎಂದು ತೀರ್ಮಾನಿಸಿದ.

ಅವನು ಬಸ್ಸಿನಲ್ಲಿ ದೀಪ ಎಣಿಸುತ್ತಿದ್ದಾಗ ಮನೆಯಲ್ಲಿ ನಡೆದದ್ದು ಹೀಗೆ.

ಮಧ್ಯಾಹ್ನದ ಮೇಲೆ ಬಾ ಅಂದರೂ ಜಲಜಳಿಗೆ ತಡೆಯಲಾಗಲಿಲ್ಲ. ಹನ್ನೊಂದು ಗಂಟೆಗೇ ಬಂದು ಜಗುಲಿಯ ಮೂಲೆಯಲ್ಲಿ ಕೂತಳು. ಮುತ್ತುವಿಗೆ ಏನೂ ಗೊತ್ತಿಲ್ಲದ ಕಾರಣ ಹಲ್ಲು ಮತ್ತೆ ಕಾಡುತ್ತಿದೆಯೇನೋ ಎಂದು ಉಪ್ಪುನೀರು ಕಾಯಿಸಲು ಒಳಗೆ ಹೋದಳು. ಅಷ್ಟರಲ್ಲಿ ಮೆಂಬರ್ ಚಂದ್ರಣ್ಣ ಕುಷ್ಟನನ್ನು ಕರೆದುಕೊಂಡು ಬಂದ. ಮುಂದಿನ ವಾರ ಪಂಚಾಯ್ತಿ ಸಭೆಯಲ್ಲಿ ಕಂಪ್ಯೂಟರನ್ನು ಪ್ರದರ್ಶನಕ್ಕೆ ಇಡುವ ಆಲೋಚನೆ ಅವನದು. ಬೇಲಿಯಾಚೆಯಿಂದ ಮೆಂಬರನ್ನು ಕಂಡು ಅಕ್ಕಜ್ಜಿಯೂ ಬುಟ್ಟಿ ಸಮೇತ ಬಂದಳು.

ಚಂದ್ರಣ್ಣನ ಕಣ್ಣು ಜಲಜಳ ಮುಷ್ಟಿಯ ಮೇಲೆ ಬಿತ್ತು.

"ಎಂತ ಕಾಗ್ದ ಅದ್?"

"ಎಂತದೂ ಅಲ್ಲ."

ಸಾರ್ವಜನಿಕರ ಕೈಯಲ್ಲಿರುವ ಯಾವ ಕಾಗದವನ್ನೂ ಓದುವ ಹಕ್ಕು ಮೆಂಬರಿಗೆ ಇದೆ ಎಂದು ಚಂದ್ರಣ್ಣನ ನಂಬಿಕೆ. ತೆಗೆದುಕೊಂಡು ಬಿಡಿಸಿದ. "ಎಸ್ಸೆಸ್ಸೆಲ್ಸಿ ನಂಬರ್. ಯಾರದ್ ಇದ್?"

"ನನ್ ತಂಗಿ ಮಗಳದ್."

"ನಿಂಗ್ ತಂಗಿ ಎಲ್ಲಿತ್ತ್?" ಎಂದು ಅಕ್ಕಜ್ಜಿ ಕೇಳಿದಳು.

ಕುಷ್ಟ ಬಗ್ಗಿ ನೋಡಿ, "ಫೋಟೋದಗೆ ನೀನೇ ಇದ್ಯಲ್ಲೆ ಜಲಜ," ಅಂದ.

ಚಂದ್ರಣ್ಣ ಜಲಜಳಿಗೆ ಉಪಕಾರ ಮಾಡಲು ಆ ಕ್ಷಣದಲ್ಲೇ ನಿರ್ಧರಿಸಿದ. ಪ್ಲಗ್ ಸಿಕ್ಕಿಸಿದ. ಮುತ್ತು ಉಪ್ಪುನೀರಿನ ಲೋಟ ಹಿಡಿದು ಓಡಿಬಂದು, "ಅವ್ರ್ ಇಲ್ದೆ ಮುಟ್ಟುಕಾಗ ಚಂದ್ರಣ್ಣ," ಅಂದಳು.

"ನಾನ್ ಉಡುಪಿಯಗೆ ಕಲ್ತದ್ದ್," ಅಂದ ಚಂದ್ರಣ್ಣ.

ನಂಬರನ್ನು ಒಳಗೆ ಕಳಿಸುವ ಕ್ರಮವನ್ನು ಅವನು ಅಲ್ಲೇ ಕಂಡುಹಿಡಿದ. ಅಂಕಿ ಮೂರಿದ್ದಲ್ಲಿ ಮೊದಲ ಸ್ವಿಚ್ಚನ್ನು ಮೂರು ಸಲ ಒತ್ತಿದ. ಅಂಕಿ ಒಂಬತ್ತಿದ್ದಲ್ಲಿ ಎರಡನೆಯದನ್ನು ಒಂಬತ್ತು ಸಲ. ಕುಷ್ಟ ಗಟ್ಟಿಯಾಗಿ ಎಣಿಸಿದ. ದೀಪಗಳು ಹತ್ತಿದವು, ಆರಿದವು, ಒಂದೆರಡು ಸಲ ಒಟ್ಟಿಗೇ ಮಿನುಗಿದವು. ಕೊನೆಯ ಅಂಕಿಗೆ ಬಂದಾಗ ಕೇರಂ ಬೋರ್ಡಿನ ಮೂಲೆಯಲ್ಲಿ ಟಪ್ ಎಂದಿತು. ಸುಟ್ಟ ವಾಸನೆ ಬಂತು. ಎಂಟೂ ದೀಪ ಆರಿಹೋದವು.

ಚಂದ್ರಣ್ಣ ಎದ್ದುನಿಂತು, ಸಭೆಯಲ್ಲಿ ಠರಾವು ಓದುವ ಧ್ವನಿಯಲ್ಲಿ, "ಫೇಲ್," ಅಂದ.

ಜಲಜ ಅಳಲಿಲ್ಲ. ಹಾಲ್ ಟಿಕೆಟನ್ನು ಅವನ ಕೈಯಿಂದ ತೆಗೆದುಕೊಂಡು ಮತ್ತೆ ನಾಲ್ಕಾಗಿ ಮಡಿಸಿದಳು. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡು ಹೊರಟುಹೋದಳು. ಮೂವತ್ತಾರು ವರ್ಷದವಳು ಕದ್ದು ಪರೀಕ್ಷೆ ಬರೆದದ್ದು, ಹಲ್ಲುನೋವು ಸುಳ್ಳಾದದ್ದು, ಕಂಪ್ಯೂಟರ್ ಅವಳನ್ನು ಫೇಲ್ ಮಾಡಿದ್ದು, ಮೂರೂ ಒಂದೇ ಗಂಟೆಯಲ್ಲಿ ಕೇರಿಯ ಕೊನೆಯ ಮನೆಯನ್ನು ಮುಟ್ಟಿದವು.

ಎರಡು ಗಂಟೆಗೆ ಭೋಜರಾಜ ಬಸ್ಸಿಳಿದ. ಚಾ ಅಂಗಡಿಯ ಎದುರು ಜನ ಸೇರಿದ್ದರು. ಕುಷ್ಟ ಎಂದೂ ಇಲ್ಲದ ಹಾಗೆ ಎದ್ದುಬಂದು ಕೈಗೆ ಚಾ ಲೋಟ ಕೊಟ್ಟ.

"ಕುಡಿ ಮಾರಾಯ. ನಿನ್ನ್ ಕಂಪ್ಯೂಟರ್ ಭಾರಿ ಕರೆಕ್ಟ್. ಜಲಜನ್ ರಿಸಲ್ಟ್ ಹೇಳ್ತ್."

"ಎಂತ ಅಂತ ಹೇಳ್ತ್?"

"ಫೇಲ್ ಅಂತ. ಮೆಂಬ್ರ್ ಕಂಡದ್ದ್."

ಜನರ ನಡುವೆ ಇನ್ನೂ ಐದಾರು ಅಪ್ಪಂದಿರು ಮಕ್ಕಳ ನಂಬರ್ ಬರೆದ ಚೀಟಿ ಹಿಡಿದು ನಿಂತಿದ್ದರು. ಚಂದ್ರಣ್ಣ ಅವರನ್ನು ಸಾಲಾಗಿ ನಿಲ್ಲಿಸುತ್ತಿದ್ದ. ಮುತ್ತು ಒಂದು ಬದಿಯಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದಳು.

"ಜಲಜ ಫೇಲ್ ಅಲ್ಲ," ಅಂದ ಭೋಜರಾಜ. ಜೇಬಿನ ಹಾಳೆ ಬಿಡಿಸಿದ. "ಪಾಸ್. ಸೆಕೆಂಡ್ ಕ್ಲಾಸ್. ಕಾಣಿ."

ಚಂದ್ರಣ್ಣ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದ. ಒಂದು ಬದಿಯಲ್ಲಿ ಯಾರದೋ ಜಾಗದ ಪಹಣಿಯ ಅರ್ಧ ಜೆರಾಕ್ಸು, ಇನ್ನೊಂದು ಬದಿಯಲ್ಲಿ ಪೆನ್ನಿನ ಬರಹ. "ಇದ್ರಗೆ ಸೀಲ್ ಇಲ್ಲ. ಪೆನ್ನಗೆ ಯಾರೂ ಬರಿಲಕ್ಕ್. ಮಿಷನ್ ಹೇಳ್ದದ್ದ್ ನಾವ್ ನಾಲ್ಕ್ ಜನ ಕಣ್ಣಾರೆ ಕಂಡಿತ್."

"ಮಿಷನಿಗ್ ರಿಸಲ್ಟ್ ಬತ್ತಿಲ್ಲ ಚಂದ್ರಣ್ಣ."

"ಬತ್ತ್ ಅಂತ ಹೇಳದ್ದ್ ನೀನೇ ಅಲ್ದಾ?"

"ಸುಳ್ಳ್ ಹೇಳದ್ದ್." ಭೋಜರಾಜ ಎಲ್ಲಿ ನೋಡಬೇಕೆಂದು ತಿಳಿಯದೆ ಚಾ ಲೋಟದೊಳಗೆ ನೋಡಿದ. "ಅದ್ಕೆ ಕೂಡ್ಸುದ್ ಒಂದೇ ಬಪ್ಪುದ್. ಅದೂ ಇನ್ನೂರ ಐವತ್ತೈದ್ರ ವರಿಗೆ."

ಮನುಷ್ಯ ಕಷ್ಟಪಟ್ಟು ಸತ್ಯ ಹೇಳಿದಾಗ ಅದನ್ನು ಒಪ್ಪಿಕೊಳ್ಳುವುದು ಎದುರಿನವರ ಕರ್ತವ್ಯ. ಅಲ್ಲಿ ಯಾರೂ ಆ ಕರ್ತವ್ಯ ಮಾಡಲಿಲ್ಲ. ಅಕ್ಕಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾಪ, ಒಳ್ಳೆ ಮನ್ಸ. ಜಲಜಂಗ್ ಬೇಜಾರಾಪುಕಾಗ ಅಂದ್ ತನ್ ಮಿಷನನ್ನೇ ದೂರ್ತ," ಅಂದಳು. ಎಲ್ಲರೂ ಹೌದು ಹೌದು ಎಂದರು. ಒಬ್ಬ ಅಪ್ಪ ಬೆನ್ನು ತಟ್ಟಿದ. ಭೋಜರಾಜನ ಮರ್ಯಾದೆ ಅವನ ಕಣ್ಣೆದುರೇ ಇನ್ನೂ ಒಂದು ಗೇಣು ಬೆಳೆಯಿತು. ಜಲಜ ಫೇಲಾಗಿಯೇ ಉಳಿದಳು.

ಈಗ ಉಳಿದದ್ದು ಒಂದೇ ದಾರಿ. ಅಂಗಡಿಯ ಮೂಲೆಯಲ್ಲಿ ನಾಣ್ಯ ಹಾಕುವ ಫೋನ್ ಇತ್ತು. ಭೋಜರಾಜ ಅದರ ಬಳಿ ಹೋಗಿ ರತೀಶನ ಅಂಗಡಿಯ ನಂಬರ್ ಒತ್ತಿ, ರಿಸೀವರನ್ನು ಚಂದ್ರಣ್ಣನ ಕೈಗೆ ಕೊಟ್ಟ.

"ನೀವೇ ಕೇಣಿ. ನಾನ್ ಇಲ್ಲೇ ನಿಂತಿರ್ತೆ."

ಚಂದ್ರಣ್ಣ ಗಂಟಲು ಸರಿಮಾಡಿಕೊಂಡ. ತಾನು ಯಾರು, ಯಾವ ವಾರ್ಡಿನ ಮೆಂಬರು ಎಲ್ಲ ಹೇಳಿದ. ಮತ್ತೆ ಕಿವಿಗೊಟ್ಟ. ಕೇಳಿದ್ದನ್ನು ಸಾರ್ವಜನಿಕರಿಗೆ ತಿಳಿಸುವುದು ತನ್ನ ಹೊಣೆ ಎಂದುಕೊಂಡು ಒಂದೊಂದನ್ನೂ ತಿರುಗಿ ಹೇಳತೊಡಗಿದ.

"ಭೋಜರಾಜ ಬೆಳಿಗ್ಗೆಯೇ ಅಲ್ಲಿಗ್ ಹೋಯಿದ್ದ ಅಂಬ್ರ್."

ಜನ ಭೋಜರಾಜನನ್ನು ನೋಡಿದರು.

"ಎರಡೂವರಿ ಗಂಟಿ ಸ್ಟೂಲಿನ್ ಮೇಲ್ ಕೂಕಂಡಿದ್ದ ಅಂಬ್ರ್. ಮಾತಾಡ್ಲಿಲ್ಲ ಅಂಬ್ರ್."

ಭೋಜರಾಜ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ.

"ನಿಮ್ಮನಿ ಕಂಪ್ಯೂಟರಿಗ್ ಎಂತಾಯ್ತ್ ಅಂತ ಕೇಂಡದ್ದಕ್ಕೆ, ಅದ್ಕೆ ಇವತ್ತ್ ರಜೆ ಅಂದ ಅಂಬ್ರ್."

ಮೊದಲು ನಕ್ಕದ್ದು ಕುಷ್ಟ. ಆಮೇಲೆ ಚೀಟಿ ಹಿಡಿದ ಅಪ್ಪಂದಿರು. ಆ ನಗು ಬೆಂಚಿನಿಂದ ಬೆಂಚಿಗೆ ಹೋಗಿ ರಸ್ತೆ ದಾಟಿ ಸೈಕಲ್ ಅಂಗಡಿಯವರೆಗೂ ತಲುಪಿತು. ಚಂದ್ರಣ್ಣ ಮಾತ್ರ ನಗಲಿಲ್ಲ. ಜಲಜಳ ಒಂದೊಂದೇ ವಿಷಯದ ಅಂಕವನ್ನು ರತೀಶನಿಂದ ಕೇಳಿ ಹಾಳೆಯೊಂದಿಗೆ ತಾಳೆ ನೋಡಿದ. ಎಲ್ಲವೂ ಸರಿಹೊಂದಿತು. ಫೋನ್ ಇಟ್ಟ.

"ರೈಲಿನ ಟೈಮ್?" ಎಂದು ಕೇಳಿದ.

"ಸ್ಟೇಷನ್ನಿಗ್ ಹೋಯಿ ಕಂಡ್ ಬಪ್ಪುದ್."

"ಸೈಕಲ್ ಟಯರ್ ಸವ್ದದ್ ಅದ್ಕೇಯಾ?" ಅಂದಳು ಮುತ್ತು. ಎರಡು ತಿಂಗಳಿನಿಂದ ಅವಳಿಗೆ ಕಾಡುತ್ತಿದ್ದ ಪ್ರಶ್ನೆ ಅದೊಂದೇ. ಅವಳು ತಿರುಗಿ ಮನೆಯ ಕಡೆ ನಡೆದಳು. ಭೋಜರಾಜನಿಗೆ ಹಿಂದೆ ಹೋಗುವ ಧೈರ್ಯವಾಗಲಿಲ್ಲ. ಸುಮ್ಮನೆ ಹಾಳೆಯನ್ನು ಮಡಚಿ ಜಲಜಳ ಮನೆಯ ದಾರಿ ಹಿಡಿದ. ಬೆನ್ನ ಹಿಂದೆ ಯಾರೋ, "ಹ್ವಾಯ್, ನಾಳೆ ಮಳಿ ಬತ್ತಾ?" ಎಂದು ಕೂಗಿದರು. ಅವನು ತಿರುಗಲಿಲ್ಲ.

ಜಲಜಳ ಅಂಗಳದಲ್ಲಿ ಆಗಲೇ ಸಮಾಧಾನ ಹೇಳುವವರ ಗುಂಪು. ಒಬ್ಬರು ಬಾಳೆಹಣ್ಣು ತಂದಿದ್ದರು, ಆಸ್ಪತ್ರೆಗೆ ತರುವ ಹಾಗೆ. ಆ ದಿನವೇ ಮಲ್ಪೆಯಿಂದ ಬಂದಿದ್ದ ದೇವು ಚೀಲವನ್ನೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತಿದ್ದ. ಜಲಜ ಅಂಗಳದ ತುದಿಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

"ಜಲಜ," ಅಂದ ಭೋಜರಾಜ. "ನೀನ್ ಪಾಸ್. ಸೆಕೆಂಡ್ ಕ್ಲಾಸ್. ಕುಂದಾಪ್ರಕ್ಕೆ ಹೋಯಿ ಕಂಡ್ ಬಂದದ್ದ್. ಮಿಷನಿಗ್ ಎಂತದೂ ಗೊತ್ತಿಲ್ಲ. ತಪ್ಪೆಲ್ಲ ನಂದ್."

ಅವಳ ಕೈ ನಿಂತಿತು. ಹಾಳೆಯನ್ನು ಒದ್ದೆ ಕೈಯಿಂದ ಮುಟ್ಟದೆ, ಅವನ ಕೈಯಲ್ಲಿದ್ದ ಹಾಗೆಯೇ ಬಗ್ಗಿ ಓದಿದಳು. ಎರಡು ಸಲ ಓದಿದಳು. ಮುಖ ಎತ್ತಿದಾಗ ಕಣ್ಣು ತುಂಬಿತ್ತು, ಧ್ವನಿಯಲ್ಲಿ ಮಾತ್ರ ಸ್ವಲ್ಪವೂ ನೀರಿರಲಿಲ್ಲ.

"ನಾನ್ ಪಾಸಾದ್ದ್ ನಂಗ್ ಗೊತ್ತಾಪುಕ್ ಮುಂಚೆ ಫೇಲಾದ್ದ್ ಊರಿಗೆಲ್ಲ ಗೊತ್ತಾಯ್ತಲ್ಲ ಭೋಜರಾಜಣ್ಣ. ಇವ್ರಿಗೂ ಗೊತ್ತಾಯ್ತ್."

ದೇವು ಮೆಟ್ಟಿಲ ಮೇಲಿಂದ, "ನಂಗ್ ಮೊದ್ಲೇ ಗೊತ್ತಿತ್ತ್," ಅಂದ.

ಜಲಜ ತಿರುಗಿ ನೋಡಿದಳು.

"ಹಲ್ಲ್ ನೋವಿನವ್ರ್ ನಿದ್ದಿಯಗೆ ಪಾಣಿಪತ್ ಯುದ್ಧ ಹೇಳುದಿಲ್ಲ," ಅಂದ ದೇವು. "ನೀನಾಗೇ ಹೇಳ್ಲಿ ಅಂತ ಸುಮ್ನಿದ್ದೆ."

ಅಂಗಳದಲ್ಲಿ ಯಾರೋ ನಕ್ಕರು. ಭೋಜರಾಜನಿಗೆ ಅದೇ ಒಳ್ಳೆಯ ಸಮಯವೆನಿಸಿತು. ಹಾಳೆಯನ್ನು ಜಗುಲಿಯ ಕಟ್ಟೆಯ ಮೇಲಿಟ್ಟು ಮೆಲ್ಲ ಹಿಂದೆ ಸರಿದ.

"ಎಲ್ಲಿಗ್ ಹೊರ್ಟದ್ದ್?" ಅಂದಳು ಜಲಜ. "ಫೇಲ್ ಅಂದ್ ಎಲ್ಲರೆದ್ರಿಗೆ ಓದ್ದದ್ದ್. ಪಾಸ್ ಅಂದ್ ಗುಟ್ಟಗ್ ಹೇಳಿ ಹೋಪುದಾ? ಇಲ್ಲೇ ನಿಲ್ಲಿ. ಗಟ್ಟಿ ಓದಿ."

ಭೋಜರಾಜ ಅಂಗಳದ ನಡುವೆ ನಿಂತು ಓದಿದ. "ಕನ್ನಡ ಎಂಬತ್ತೆಂಟು. ಇಂಗ್ಲಿಷ್ ನಲವತ್ತೊಂದು. ಹಿಂದಿ ಐವತ್ತೆರಡು. ಗಣಿತ ಮೂವತ್ತೈದು. ವಿಜ್ಞಾನ ನಲವತ್ತೇಳು. ಸಮಾಜ ಎಪ್ಪತ್ತೊಂದು. ಒಟ್ಟು ಮುನ್ನೂರ ಮೂವತ್ತನಾಲ್ಕು. ಪಾಸು."

ಬಾಳೆಹಣ್ಣು ತಂದವರು ಅದನ್ನೇ ಎಲ್ಲರಿಗೂ ಹಂಚಿದರು. ಅಷ್ಟರಲ್ಲಿ ಅಕ್ಕಜ್ಜಿ ಬಂದಳು. ಅವಳಿಗೆ ಮೊದಲಿನಿಂದ ಓದಬೇಕಾಯಿತು. ನಿವೃತ್ತರಾಗಲಿದ್ದ ಟೀಚರಮ್ಮ ಬಂದರು. ಅವರಿಗೂ ಓದಿದ. ಪಾಸಾದ ಸುದ್ದಿ ಇನ್ನೂ ಮುಟ್ಟದೆ, ಮುಖ ಇಳಿಬಿಟ್ಟುಕೊಂಡು ಗೇಟು ದಾಟುತ್ತಿದ್ದ ಒಬ್ಬೊಬ್ಬರಿಗೂ ಭೋಜರಾಜ ನಿಂತಲ್ಲೇ ನಿಂತು ಕನ್ನಡದಿಂದ ಒಟ್ಟು ಮೊತ್ತದವರೆಗೆ ಓದಿ ಹೇಳಿದ. ಕೆಲವರು ಕಂಪ್ಯೂಟರಿನ ಬಗ್ಗೆ ಕೇಳಿದರು. ಅದಕ್ಕೂ ತಲೆ ತಗ್ಗಿಸಿ ಉತ್ತರ ಹೇಳಿದ. ಬಿಸಿಲು ಇಳಿಯುವ ಹೊತ್ತಿಗೆ ಹಾಳೆ ನೋಡದೆಯೇ ಬಾಯಿಪಾಠ ಬರುತ್ತಿತ್ತು. ಗಂಟಲು ಬಿದ್ದುಹೋಗಿತ್ತು.

ಹದಿನಾಲ್ಕನೆಯವನಾಗಿ ಚಂದ್ರಣ್ಣ ಬಂದ. ಕೈಯಲ್ಲೊಂದು ಹಾರವಿತ್ತು.

"ಕಾಣ್ ಜಲಜ," ಅಂದ, "ನಾನ್ ಒತ್ತದ್ದ್ ಸಮಾ ಇದ್ದಿತ್. ಬಲ್ಬ್ ಹೋದ್ದಕ್ಕೆ ಹಾಂಗ್ ಕಂಡದ್ದ್."

ಜಲಜ ಒಳಗೆ ಹೋಗಿ ಒಂದು ಲೋಟ ಬಿಸಿನೀರು ತಂದು ಭೋಜರಾಜನ ಕೈಗೆ ಕೊಟ್ಟಳು. ಬೆಳಿಗ್ಗೆಯಿಂದ ಅವನೇನೂ ತಿಂದಿರಲಿಲ್ಲ. ಕುಡಿದು ಮುಗಿಸಿ, ಮೆಂಬರಿಗಾಗಿ ಮತ್ತೊಮ್ಮೆ ಹಾಳೆ ಎತ್ತಿದ.

ಜಲಜ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ಹೇಳಿದಳು:

"ಗಣಿತ ಮಾತ್ರ ಸ್ವಲ್ಪ ಮೆಲ್ಲ ಓದಿ ಭೋಜರಾಜಣ್ಣ."